ಚಳಿಗಾಲದಲ್ಲಿ ಬಾಸ್ ಮೀನು ಗಾಳ ಕಚ್ಚುವುದೇ ಇಲ್ಲ, ಏನು ಮಾಡಬೇಕು?

ಬಾಸ್ ಶೀತರಕ್ತದ ಮೀನು. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಅದರ ಜೀರ್ಣಕ್ರಿಯೆ ನಿಧಾನವಾಗುತ್ತದೆ. ಓಡುವ ಎರೆಯನ್ನು ಬೆನ್ನಟ್ಟುವ ಹುಮ್ಮಸ್ಸು ಅದಕ್ಕೆ ಇರುವುದಿಲ್ಲ. ಹಾಗಾಗಿ ಎರೆಯೇ ಅದರ ಮೂತಿಯ ಮುಂದೆ ಹೋಗಿ ನಿಲ್ಲಬೇಕು.

ಇದನ್ನು ಅತ್ಯಂತ ಚೆಂದವಾಗಿ ಸಾಧಿಸಿದ್ದು ಅಮೆರಿಕದ ಟೆನೆಸಿ ಸೀಮೆಯವರು ಅನ್ನುವುದು ನನ್ನ ಅಭಿಪ್ರಾಯ. ಕೆಂಟಕಿ ಗಡಿಯ ಡೇಲ್ ಹಾಲೋ ಸರೋವರದಂಥ ಆಳವಾದ, ತಿಳಿನೀರಿನ ಕಡೆ 'ಫ್ಲೋಟ್ ಅಂಡ್ ಫ್ಲೈ' ಎಂಬ ವಿಧಾನ ನಡೆಯುತ್ತದೆ: ಮೇಲೆ ಬೆಂಡು, ಅದರ ಕೆಳಗೆ 8ರಿಂದ 12 ಅಡಿ ತೆಳು ದಾರ, ತುದಿಯಲ್ಲಿ 1/16 ಔನ್ಸಿನ ಕೂದಲು ಕಟ್ಟಿದ ಪುಟ್ಟ ಜಿಗ್ (ತಲೆಗೆ ಲೋಹದ ಭಾರವಿರುವ ಕೊಕ್ಕೆ). ಇಷ್ಟುದ್ದದ ದಾರ ಎಸೆಯಲು ಉದ್ದನೆಯ ರಾಡ್ ಬೇಕೇ ಬೇಕು. ಚಳಿ ತಾಳದೆ ಸಾಯುತ್ತಿರುವ ಶ್ಯಾಡ್ (ಬಾಸ್ ತಿನ್ನುವ ಸಣ್ಣ ಮೀನು) ಮರಿಯಂತೆ ಜಿಗ್ ತೂಗಾಡುತ್ತದೆ. ಸಣ್ಣ ಅಲೆಯಿದ್ದರೆ ಆ ಅಲೆಯೇ ಅದನ್ನು ಅಲುಗಾಡಿಸುತ್ತದೆ, ನೀವು ಸುಮ್ಮನಿರಿ. ಬೆಂಡು ಮುಳುಗಿದರೆ ಸರಿ; ಅಡ್ಡಬಿದ್ದರೂ ಎಳೆಯಿರಿ, ಮೀನು ಜಿಗ್ಗನ್ನು ಮೇಲೆತ್ತಿದೆ ಎಂದರ್ಥ.

ಕಾನ್ಸಾಸ್ ಕಡೆಯ ಆಳವಿಲ್ಲದ ಕೆರೆಗಳಿಗೆ 'ನೆಡ್ ರಿಗ್' ಎಂಬ ಇನ್ನೊಂದು ವಿಧಾನ ಒಗ್ಗುತ್ತದೆ. ಅಣಬೆ ತಲೆಯ ಹಗುರ ಜಿಗ್ಗಿಗೆ ಮೂರಂಗುಲದೊಳಗಿನ ತೇಲುವ ಪ್ಲಾಸ್ಟಿಕ್ ಹುಳು ಸಿಕ್ಕಿಸಿ, ತಳದಲ್ಲಿ ನಿಧಾನಕ್ಕೆ ಜಾರಿಸಿ.