ಓದೋಕೆ, ಬರೆಯೋಕೆ ಬರುತ್ತೆ. ಕ್ಲಾಸಲ್ಲಿ ಬಾಯಿ ತೆರೆಯೋಕೆ ಮಾತ್ರ ಭಯ. ಏನು ಮಾಡಲಿ?

ಎರಡನೇ ಭಾಷೆಯೊಂದನ್ನು ವರ್ಷಗಟ್ಟಲೆ ಕಲಿತಿದ್ದೀರಿ. ಓದಿದರೆ ಅರ್ಥವಾಗುತ್ತದೆ, ಬರೆದರೆ ತಪ್ಪು ಕಡಿಮೆ. ಆದರೆ ಕ್ಲಾಸಲ್ಲಿ ಟೀಚರ್ ಹೆಸರು ಕರೆದ ಕೂಡಲೇ ಬಾಯಿ ಒಣಗುತ್ತದೆ, ಗೊತ್ತಿದ್ದ ಪದವೂ ಮರೆತುಹೋಗುತ್ತದೆ. ನಿಮಗಿಂತ ಕಡಿಮೆ ಗೊತ್ತಿರುವವರು ಸಲೀಸಾಗಿ ಮಾತಾಡುತ್ತಾರೆ. ಕ್ಲಾಸನ್ನೇ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ.

ಇಷ್ಟರ ನಡುವೆ ನೀವು ಸುಮ್ನೆ ಸೇರಿಸಿದ ಒಂದು ಮಾತಿದೆ: ಕ್ಲಾಸು ಮುಗಿದು ಹೊರಗೆ ಬಂದ ಮೇಲೆ ಪೂರ್ತಿ ಉತ್ತರ ಸರಿಯಾಗಿ ಹೊಳೆಯುತ್ತದೆ ಅಂತ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ. ಉತ್ತರ ಹೊಳೆಯುತ್ತದೆ ಅಂದಮೇಲೆ ಭಾಷೆ ನಿಮಗೆ ಬರುತ್ತದೆ, ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೇ. "ಧೈರ್ಯ ಮಾಡಿ, ತಪ್ಪಾದರೂ ಮಾತಾಡಿ" ಅಂತ ಎಲ್ಲರೂ ಹೇಳಿರುತ್ತಾರೆ. ಯಾರೋ ಹೇಳಿದ್ದಕ್ಕೆ ಧೈರ್ಯ ಬಂದಿದ್ದರೆ ನೀವು ಇಲ್ಲಿ ಕೇಳುತ್ತಲೇ ಇರಲಿಲ್ಲ ಅಲ್ವಾ? ಧೈರ್ಯದ ವಿಷಯ ಬಿಡೋಣ. ನಿಮಗೆ ಬೇಕಿರುವ ಆ ಒಂದೆರಡು ಸೆಕೆಂಡು ಸಮಯವನ್ನು ಎಲ್ಲಿಂದ ತರಬಹುದು ಅಂತ ನೋಡೋಣ.

ನಾನು ಕನ್ನಡ ಬಾರದ ದೊಡ್ಡವರಿಗೆ ಕನ್ನಡ ಕಲಿಸುತ್ತೇನೆ. ಮಾತಾಡಲು ಹೆದರುವವರು ಪ್ರತಿ ಬ್ಯಾಚಲ್ಲೂ ಇರುತ್ತಾರೆ. ಅವರಲ್ಲಿ ಅರ್ಧ ಜನ ಬರವಣಿಗೆಯಲ್ಲಿ ಮುಂದಿರುವವರೇ. ಸ್ವಭಾವತಃ ಮೌನಿಗಳು ಅನ್ನೋಣ ಅಂದರೆ ಅದೂ ಅಲ್ಲ. ಒಬ್ಬ ವಕೀಲರು ಬರುತ್ತಿದ್ದರು. ಬಿಡುವಿನಲ್ಲಿ ಫೋನಲ್ಲಿ ತಮ್ಮ ಭಾಷೆಯಲ್ಲಿ ಮಾತಾಡಲು ನಿಂತರೆ ಇಡೀ ವರಾಂಡ ತಿರುಗಿ ನೋಡುತ್ತಿತ್ತು. ಒಳಗೆ ಬಂದು ಕೂತರೆ "ಹೌದು", "ಇಲ್ಲ", "ಗೊತ್ತಿಲ್ಲ". ಒಂದು ದಿನ ಸಾಲಾಗಿ ಒಬ್ಬೊಬ್ಬರೂ ಒಂದೊಂದು ವಾಕ್ಯ ಹೇಳುವ ಅಭ್ಯಾಸ ನಡೆಯುತ್ತಿತ್ತು. ಅವರು ತಲೆ ಎಣಿಸಿ ತಮಗೆ ಯಾವ ವಾಕ್ಯ ಬರುತ್ತದೆ ಅಂತ ಲೆಕ್ಕ ಹಾಕಿ, ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡು, ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಪಕ್ಕದವರು "ನಾನು ಆಮೇಲೆ ಹೇಳ್ತೀನಿ" ಅಂದುಬಿಟ್ಟರು. ವಾಕ್ಯ ಒಂದು ಸ್ಥಾನ ಜರುಗಿತು. ವಕೀಲರ ಮುಖ ನೋಡಬೇಕಿತ್ತು. ಅದಕ್ಕೂ ಹಿಂದಿನ ಒಂದು ವಾಕ್ಯವೂ ಅವರ ಕಿವಿಗೆ ಬಿದ್ದಿರಲಿಲ್ಲ.

ಹೀಗೆ ಯಾಕಾಗುತ್ತದೆ ಅನ್ನುವುದು ಗೊತ್ತಿದ್ದರೆ ಅರ್ಧ ಸಮಾಧಾನ. ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಎಷ್ಟು ಹೊತ್ತು ಇರುತ್ತದೆ ಅಂತ ಅಳೆದವರಿದ್ದಾರೆ. ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ಭಾಷೆಗಳ ಸಂಭಾಷಣೆಗಳನ್ನು ನೋಡಿದರು. ಅಂತರ ಸಾಮಾನ್ಯವಾಗಿ 200 ಮಿಲಿಸೆಕೆಂಡಿನ ಆಸುಪಾಸು, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಆದರೆ ಒಂದು ಚಿತ್ರ ನೋಡಿ ಅದರ ಹೆಸರು ಹೇಳಲು, ಅದೂ ತಾಯಿನುಡಿಯಲ್ಲೇ, ಸುಮಾರು 600 ಮಿಲಿಸೆಕೆಂಡು ಬೇಕಾಗುತ್ತದೆ. ಒಂದೇ ಒಂದು ಪದಕ್ಕೆ! ಲೆಕ್ಕ ಕೂಡುವುದಿಲ್ಲ ಅಲ್ವಾ? ಎದುರಿನವರು ಮಾತು ಮುಗಿಸುವ ಮೊದಲೇ ನಾವು ಉತ್ತರ ಕಟ್ಟಲು ಶುರು ಮಾಡಿರುತ್ತೇವೆ. ನಮ್ಮ ಭಾಷೆಯಲ್ಲಿ ಕೇಳುವುದು ಎಷ್ಟು ಸಲೀಸು ಅಂದರೆ, ಅದರ ಜೊತೆಗೇ ಇನ್ನೊಂದು ಕೆಲಸ ನಡೆಯುತ್ತದೆ.

ಎರಡನೇ ಭಾಷೆಯಲ್ಲಿ ಆ ಅನುಕೂಲ ಇಲ್ಲ. ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೇ ಪೂರ್ತಿ ಗಮನ ಬೇಕು. ಆಮೇಲೆ ಹೇಳಬೇಕಾದ್ದನ್ನು ಯೋಚಿಸಬೇಕು, ಪದ ಹುಡುಕಬೇಕು, ವ್ಯಾಕರಣಕ್ಕೆ ಹೊಂದಿಸಬೇಕು, ಉಚ್ಚರಿಸಬೇಕು. ಇಷ್ಟಾಗುವಷ್ಟರಲ್ಲಿ ಎರಡು ಮೂರು ಸೆಕೆಂಡು ಕಳೆದಿರುತ್ತದೆ. ಐದನೇ ಒಂದು ಭಾಗ ಸೆಕೆಂಡಿಗೆ ಒಗ್ಗಿಹೋದ ಕಿವಿಗೆ ಮೂರು ಸೆಕೆಂಡಿನ ಮೌನ ಭಾರೀ ದೊಡ್ಡದು. ಆಗ "ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ" ಅನ್ನುವ ಯೋಚನೆ ಒಳಗೆ ಬರುತ್ತದೆ. ಅದಕ್ಕೂ ತಲೆಯಲ್ಲಿ ಜಾಗ ಬೇಕು. ಆತಂಕದ ಯೋಚನೆಗಳು, ಕೆಲಸಕ್ಕೆ ಬೇಕಾದ ತಾತ್ಕಾಲಿಕ ನೆನಪಿನ ಜಾಗವನ್ನೇ ತಿನ್ನುತ್ತವೆ ಅಂತ ಮೈಕೆಲ್ ಐಸೆಂಕ್ ಮತ್ತು ಮ್ಯಾನುಯೆಲ್ ಕಾಲ್ವೊ 1992ರಲ್ಲಿ ವಿವರಿಸಿದ್ದರು. ಪದ ಹುಡುಕುತ್ತಿದ್ದ ಜಾಗದಲ್ಲಿ ಭಯ ಬಂದು ಕೂರುತ್ತದೆ, ಪದ ಇನ್ನೂ ತಡವಾಗುತ್ತದೆ, ಭಯ ಇನ್ನೂ ಜಾಸ್ತಿಯಾಗುತ್ತದೆ. ಕ್ಲಾಸಿನ ಹೊರಗೆ ಬಂದಾಗ ಯಾರೂ ನೋಡುತ್ತಿರುವುದಿಲ್ಲ, ಅವಸರವೂ ಇರುವುದಿಲ್ಲ. ಪದ ತಾನಾಗೇ ಬರುತ್ತದೆ.

ನಿಮ್ಮೊಬ್ಬರ ಕಥೆ ಅಲ್ಲ ಇದು. 1986ರಲ್ಲೇ ಎಲೈನ್ ಹಾರ್ವಿಟ್ಜ್ ಮತ್ತು ಇಬ್ಬರು ಸಂಗಡಿಗರು, ಭಾಷೆ ಕಲಿಯುವ ಕ್ಲಾಸಿನ ಆತಂಕ ಅನ್ನುವುದೇ ಬೇರೆ ಜಾತಿಯದು ಅಂತ ಹೇಳಿ, ಅದನ್ನು ಅಳೆಯಲು 33 ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿದರು. ಇವತ್ತಿಗೂ ಸಂಶೋಧಕರು ಅದನ್ನೇ ಬಳಸುತ್ತಾರೆ. ಅವರು ಹೇಳಿದ ಒಂದು ಅಂಶ ನನಗೆ ದಿನಾ ಕಣ್ಣಿಗೆ ಬೀಳುತ್ತದೆ. ಲೆಕ್ಕದಲ್ಲೋ ವಿಜ್ಞಾನದಲ್ಲೋ ತಪ್ಪು ಮಾಡಿದರೆ ಉತ್ತರ ತಪ್ಪಾಗುತ್ತದೆ. ಭಾಷೆಯಲ್ಲಿ ತಡವರಿಸಿದರೆ ನಾನೇ ಪೆದ್ದ ಅನಿಸಿಬಿಡುತ್ತದೆ. ತಾಯಿನುಡಿಯಲ್ಲಿ ಜೋಕು ಹೊಡೆಯುವ, ವಾದ ಮಾಡುವ ಮನುಷ್ಯ ಇಲ್ಲಿ ನಾಲ್ಕು ವರ್ಷದ ಮಗುವಿನ ಹಾಗೆ "ನನಗೆ ನೀರು ಬೇಕು" ಅನ್ನಬೇಕು. ತಾಯಿನುಡಿಯಲ್ಲಿ ಜಾಣರಾದವರಿಗೇ ಇದು ಜಾಸ್ತಿ ಚುಚ್ಚುತ್ತದೆ. ನಿಮಗಿಂತ ಕಡಿಮೆ ಗೊತ್ತಿರುವವರು ಸಲೀಸಾಗಿ ಮಾತಾಡುವುದಕ್ಕೆ ನನ್ನ ಪ್ರಕಾರ ಕಾರಣ ಇದೇ. ಅವರಿಗೆ ಈ ಚುಚ್ಚುವಿಕೆ ಇಲ್ಲ.

ಇದೇ ಹಾರ್ವಿಟ್ಜ್, ಟ್ಯಾಮಿ ಗ್ರೆಗರ್ಸನ್ ಜೊತೆ ಸೇರಿ 2002ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಕಲಿಯುವವರಿಗೆ ಅವರದೇ ಸಂದರ್ಶನದ ವಿಡಿಯೋ ತೋರಿಸಿ ಏನನಿಸಿತು ಅಂತ ಕೇಳಿದರು. ಆತಂಕ ಜಾಸ್ತಿ ಇದ್ದವರು ಸಣ್ಣ ತಪ್ಪನ್ನೂ ದೊಡ್ಡದು ಮಾಡಿ ನೋಡಿದರು. ಅವರು ತಮಗೇ ಹಾಕಿಕೊಂಡ ಮಟ್ಟ ತುಂಬಾ ಎತ್ತರದ್ದು. ನೀವು "ವಾಕ್ಯ ಪೂರ್ತಿ ಸರಿಯಾಗಿ ಸಿದ್ಧವಾಗುವ ತನಕ ಬಾಯಿ ತೆರೆಯಲ್ಲ" ಅಂತ ಬರೆದಿದ್ದನ್ನು ಓದಿದಾಗ ನನಗೆ ಇದು ನೆನಪಾಯಿತು. ತಾಯಿನುಡಿಯಲ್ಲೂ ನಾವು ಹಾಗೆ ಮಾತಾಡುವುದಿಲ್ಲ. ಶುರು ಮಾಡುತ್ತೇವೆ, ಮಧ್ಯೆ ನಿಲ್ಲಿಸುತ್ತೇವೆ, "ಅಲ್ಲ ಅಲ್ಲ, ಅದು ಹಾಗಲ್ಲ" ಅಂತ ದಾರಿ ಬದಲಿಸುತ್ತೇವೆ.

ಹಾಗಾಗಿ ನನ್ನ ಮೊದಲ ಸಲಹೆ ಇದು: ನೀವು ಕಲಿಯುತ್ತಿರುವ ಭಾಷೆಯಲ್ಲಿ ತಡವರಿಸುವುದನ್ನೇ ಕಲಿಯಿರಿ. ತಮಾಷೆ ಅಲ್ಲ. ಕನ್ನಡದಲ್ಲಿ ನಾವು "ಅದೇನಂದ್ರೆ", "ಹೇಗೆ ಹೇಳೋದು", "ಅದಕ್ಕೆ ಏನೋ ಅಂತಾರಲ್ಲ" ಅನ್ನುತ್ತೇವೆ. ಪ್ರತಿ ಭಾಷೆಯಲ್ಲೂ ಇಂಥವು ಇವೆ, ಪಠ್ಯಪುಸ್ತಕದಲ್ಲಿ ಮಾತ್ರ ಸಿಗುವುದಿಲ್ಲ. ನಾಲ್ಕೈದನ್ನು ಆರಿಸಿ, ನಿದ್ದೆಗಣ್ಣಲ್ಲೂ ಬಾಯಿಗೆ ಬರುವಷ್ಟು ಉರು ಹೊಡೆಯಿರಿ. "ಒಳ್ಳೆ ಪ್ರಶ್ನೆ, ಒಂದು ನಿಮಿಷ ಯೋಚಿಸ್ತೀನಿ" ಅಂತ ಆ ಭಾಷೆಯಲ್ಲೇ ಹೇಳಿದರೆ ಎರಡು ಮೂರು ಸೆಕೆಂಡು ಸಿಕ್ಕಿತು, ಮೌನವೂ ಮುರಿಯಿತು, ನೀವು ಆಗಲೇ ಮಾತಾಡುತ್ತಿದ್ದೀರಿ. ಇಂಗ್ಲಿಷಿನ "ಅಂ", "ಅಃ" ಥರದ ಸದ್ದುಗಳನ್ನು ಅಧ್ಯಯನ ಮಾಡಿದ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ 2002ರಲ್ಲಿ, ಅವು ಕೇಳುವವರಿಗೆ ಕೊಡುವ ಸೂಚನೆ ಅಂತಲೇ ವಾದಿಸಿದರು: ಸ್ವಲ್ಪ ತಾಳಿ, ಬರ್ತಾ ಇದೆ. ನನ್ನ ವಕೀಲರಿಗೆ "ಅದೇನಂದ್ರೆ" ಎಷ್ಟು ಹಿಡಿಸಿತು ಅಂದರೆ ಆಮೇಲೆ ಪ್ರತಿ ವಾಕ್ಯವೂ ಅದರಿಂದಲೇ ಶುರು. ಸ್ವಲ್ಪ ಅತಿಯಾಯಿತು, ಆದರೆ ಮಾತು ಬಂತು.

ಎರಡನೆಯದು ಮನೆಯಲ್ಲಿ ಮಾಡುವಂಥದ್ದು, ಇದಕ್ಕೇ ಜಾಸ್ತಿ ಸಮಯ ಕೊಡಿ. ಭಾಷಾ ಬೋಧನೆಯ ಸಂಶೋಧಕ ಪಾಲ್ ನೇಷನ್ 1989ರಲ್ಲಿ ಬರೆದ ನಾಲ್ಕು-ಮೂರು-ಎರಡು ಅನ್ನುವ ಅಭ್ಯಾಸ. ಗೊತ್ತಿರುವ ಒಂದು ವಿಷಯದ ಬಗ್ಗೆ ಒಬ್ಬರ ಹತ್ತಿರ ನಾಲ್ಕು ನಿಮಿಷ ಮಾತಾಡುವುದು. ಅದೇ ವಿಷಯವನ್ನು ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ ಹೇಳುವುದು. ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ. ಹೊಸದಾಗಿ ಏನನ್ನೂ ಯೋಚಿಸಬೇಕಿಲ್ಲ, ಪದಗಳು ಆಗಲೇ ಒಮ್ಮೆ ಬಾಯಿಗೆ ಬಂದಿವೆ. ಮೂರನೇ ಸಲಕ್ಕೆ ವೇಗ ಬರುತ್ತದೆ, ತಡೆಗಳು ಕಡಿಮೆಯಾಗುತ್ತವೆ. ಜನ ಸಿಗದಿದ್ದರೆ ಫೋನಿನ ರೆಕಾರ್ಡರ್ ಸಾಕು. ಒಂದು ಎಚ್ಚರಿಕೆ: ರೆಕಾರ್ಡ್ ಮಾಡಿದ್ದನ್ನು ಅಂದೇ ಕೇಳಬೇಡಿ. ನಿಮ್ಮಂಥವರು ಕೇಳಿದರೆ ಬರೀ ತಪ್ಪು ಹುಡುಕುತ್ತೀರಿ. ಕೆಲವು ವಾರ ಬಿಟ್ಟು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಕೇಳಿ.

ಈಗೀಗ ಎಐ ಆ್ಯಪ್‌ಗಳ ಜೊತೆಯೂ ಮಾತಾಡಬಹುದು. ತಾಲೀಮಿಗೆ ಒಳ್ಳೆಯದೇ. ಆದರೆ ನಿಮಗೆ ಭಯ ಇರುವುದು ಮನುಷ್ಯರ ಮುಖದ ಬಗ್ಗೆ. ಅಲ್ಲೇ ಉಳಿದುಬಿಡಬೇಡಿ.

ಕ್ಲಾಸಲ್ಲಿ ಆದಷ್ಟು ಬೇಗ ಮಾತಾಡಿಬಿಡಿ. ಕೊನೆಯವರಾಗಿ ಉಳಿದಷ್ಟೂ ಎದೆ ಡವಡವ ಜಾಸ್ತಿ. ಮೊದಲನೆಯವರಿಗೋ ಎರಡನೆಯವರಿಗೋ ಹೋಲಿಸಿ ನೋಡಲು ಯಾರೂ ಇರುವುದಿಲ್ಲ, ಆಮೇಲೆ ಉಳಿದವರ ಮಾತನ್ನು ನಿರಾಳವಾಗಿ ಕೇಳಬಹುದು. ಉತ್ತರ ಹೇಳುವ ಧೈರ್ಯ ಆಗದ ದಿನ ಒಂದು ಪ್ರಶ್ನೆಯನ್ನಾದರೂ ಕೇಳಿ. ಪ್ರಶ್ನೆಯನ್ನು ಮನೆಯಲ್ಲೇ ತಯಾರು ಮಾಡಿಕೊಂಡು ಹೋಗಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಗೊತ್ತಾಗುವ ಮಾತು ಬಂತಲ್ಲ. ನಿಮ್ಮ ನಡುಕ ಎಲ್ಲರಿಗೂ ಕಾಣುತ್ತದೆ ಅಂತ ಬರೆದಿದ್ದೀರಿ. ನೀವು ಅಂದುಕೊಂಡಷ್ಟು ಕಾಣುವುದಿಲ್ಲ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣ ಮಾಡುವವರು ತಮ್ಮ ಅಳುಕು ಹೊರಗೆ ಎಷ್ಟು ಕಾಣುತ್ತದೆ ಅಂದುಕೊಂಡಿದ್ದರೋ ಅಷ್ಟು ಕೇಳುಗರಿಗೆ ಕಂಡಿರಲಿಲ್ಲ. ಈ ವಿಷಯವನ್ನು ಮೊದಲೇ ಹೇಳಿಸಿಕೊಂಡವರು ಉಳಿದವರಿಗಿಂತ ಚೆನ್ನಾಗಿಯೂ ಮಾತಾಡಿದರು. ಈಗ ನಿಮಗೂ ಹೇಳಿದ್ದಾಯಿತು.

(ಒಂದು ತಮಾಷೆ: 1972ರಲ್ಲಿ ಅಲೆಕ್ಸಾಂಡರ್ ಗಿಯೋರಾ ಮತ್ತು ಸಂಗಡಿಗರು ಸ್ವಲ್ಪ ಮದ್ಯ ಕೊಟ್ಟು ಜನರ ಉಚ್ಚಾರಣೆ ಪರೀಕ್ಷಿಸಿದ್ದರು. ಸ್ವಲ್ಪವೇ ಕುಡಿದವರ ಉಚ್ಚಾರಣೆ ಸುಧಾರಿಸಿತ್ತು, ಜಾಸ್ತಿಯಾದಾಗ ಕೆಟ್ಟಿತ್ತು. ಸಲಹೆ ಅಂತ ತಗೋಬೇಡಿ ಮತ್ತೆ!)

ಟೀಚರ್ ಹತ್ತಿರವೂ ಒಂದು ಮಾತು ಆಡಿ. ಎಲ್ಲರ ಮುಂದೆ ಬೇಡ, ಕ್ಲಾಸು ಮುಗಿದ ಮೇಲೆ. "ನನಗೆ ಉತ್ತರ ಗೊತ್ತಿರುತ್ತೆ, ಸ್ವಲ್ಪ ಹೊತ್ತು ಬೇಕು, ಕೂಡಲೇ ಮುಂದಿನವರಿಗೆ ಹೋಗಬೇಡಿ" ಅನ್ನಿ. ಕೇಳಿದರೆ ತಪ್ಪೇನಿಲ್ಲ. ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಗಮನಿಸಿದಾಗ, ಪ್ರಶ್ನೆ ಕೇಳಿದ ಟೀಚರ್‌ಗಳು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಅಲ್ಲಿನ ಮಕ್ಕಳಿಗೇ ಅಷ್ಟು ಬೇಕಾದರೆ ಎರಡನೇ ಭಾಷೆಯಲ್ಲಿ ಉತ್ತರಿಸುವವರಿಗೆ ಕೇಳುವುದೇ ಬೇಡ.

ತಿದ್ದುವುದರ ಬಗ್ಗೆಯೂ ಹೇಳಿಕೊಳ್ಳಿ. ವಾಕ್ಯದ ಮಧ್ಯೆ ತಡೆದು ತಿದ್ದಿದರೆ ಹೆದರುವವರು ಅಲ್ಲಿಗೇ ಬಾಗಿಲು ಹಾಕುತ್ತಾರೆ. ಹಾಗಂತ ಮೆಲ್ಲಗೆ ತಿದ್ದಿದರೆ ಗೊತ್ತೇ ಆಗುವುದಿಲ್ಲ. ನನ್ನ ಕ್ಲಾಸಲ್ಲಿ ಒಬ್ಬರು "ನಾನು ನಿನ್ನೆ ಬರುತ್ತೇನೆ" ಅಂದರು. "ಓ, ನಿನ್ನೆ ಬಂದ್ರಾ?" ಅಂದೆ. "ಹೌದು ಹೌದು, ನಿನ್ನೆ ಬರುತ್ತೇನೆ!" ಅಂತ ಖುಷಿಯಿಂದ ತಲೆಯಾಡಿಸಿದರು. ಟೀಚರ್‌ಗಳು ಜಾಸ್ತಿ ಬಳಸುವುದು ಈ ಮೆಲುತಿದ್ದುವಿಕೆಯನ್ನೇ, ವಿದ್ಯಾರ್ಥಿಗಳು ಕಡಿಮೆ ಸ್ಪಂದಿಸುವುದೂ ಅದಕ್ಕೇ ಅಂತ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ತೋರಿಸಿದ್ದರು. ನಾನೀಗ ಮಾತು ಮುಗಿಯುವ ತನಕ ಸುಮ್ಮನಿದ್ದು, ಎರಡೋ ಮೂರೋ ತಪ್ಪು ಚೀಟಿಯಲ್ಲಿ ಬರೆದು ಕೊನೆಗೆ ಕೈಗೆ ಕೊಡುತ್ತೇನೆ. ನಿಮ್ಮ ಟೀಚರ್‌ಗೂ ಇದನ್ನು ಕೇಳಿ ನೋಡಿ.

ಭಯ ಪೂರ್ತಿ ಹೋಗುತ್ತದಾ ಅಂದರೆ, ಬಹಳ ಜನರಿಗೆ ಹೋಗುವುದಿಲ್ಲ. ಇದ್ದುಕೊಂಡೇ ಮಾತಾಡುತ್ತಾರೆ. ಆದರೆ ತಾಯಿನುಡಿಯಲ್ಲೂ ನಾಲ್ಕು ಜನರ ಮುಂದೆ ಹೀಗೇ ಆಗುತ್ತಿದ್ದರೆ, ಅದಕ್ಕಾಗಿ ಕೆಲಸ, ಊಟ, ಸ್ನೇಹಿತರನ್ನೂ ತಪ್ಪಿಸುತ್ತಿದ್ದರೆ, ಅದು ಭಾಷೆಯ ವಿಷಯ ಅಲ್ಲ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಇನ್ನು ಕ್ಲಾಸು ಬಿಡುವ ವಿಚಾರ. ಹೆದರಿಕೆಯ ಕಾರಣಕ್ಕೆ ಬಿಡಬೇಡಿ, ಒಮ್ಮೆ ತಪ್ಪಿಸಿಕೊಂಡರೆ ಮುಂದಿನ ಸಲ ಇನ್ನೂ ಕಷ್ಟ. ಆದರೆ ತಪ್ಪು ಮಾಡಿದಾಗ ಟೀಚರೇ ನಗುವ, ಅಣಕಿಸುವ ಕ್ಲಾಸಾದರೆ ಅಲ್ಲಿ ಸಹಿಸಿಕೊಂಡು ಕೂರುವ ಅಗತ್ಯ ಇಲ್ಲ. ಒಂದು ಸಲ ನೇರವಾಗಿ ಹೇಳಿ ನೋಡಿ, ಬೇಕಾದರೆ ನಿಮ್ಮ ತಾಯಿನುಡಿಯಲ್ಲೇ ಹೇಳಿ. ಬದಲಾಗದಿದ್ದರೆ ಬ್ಯಾಚು ಬದಲಿಸಿ.