ಟಕಾಯಾಸು ರೋಗಿಗಳ ಅಧ್ಯಯನದಲ್ಲಿ ಏನೇನು ದಾಖಲಿಸಬೇಕು?

ಹಳೆಯ ಕಡತಗಳಿಂದ ಸುಮಾರು 40 ಟಕಾಯಾಸು ಆರ್ಟರೈಟಿಸ್ (ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆಯ ಉರಿಯೂತ) ರೋಗಿಗಳನ್ನು ಆಯ್ದು, ಯಾರಲ್ಲಿ ಕಾಯಿಲೆ ಮರುಕಳಿಸುತ್ತದೆಂದು ನೋಡಬೇಕು, ಏನೇನು ಬರೆದಿಟ್ಟುಕೊಳ್ಳಲಿ ಎಂದು ಕೇಳಿದ್ದೀರಿ. ಎಲ್ಲಕ್ಕಿಂತ ಮೊದಲು, ಉರಿಯೂತವನ್ನೂ ಅದು ಬಿಟ್ಟುಹೋದ ಹಾನಿಯನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಈ ಕಾಯಿಲೆಯ ಅಧ್ಯಯನಗಳು ಹೆಚ್ಚಾಗಿ ಎಡವುವುದು ಇಲ್ಲೇ ಎನ್ನುವುದು ನನ್ನ ಅಭಿಪ್ರಾಯ. ಉರಿಯೂತ ಆರಿದ ಮೇಲೂ ಕಿರಿದಾದ ರಕ್ತನಾಳ ಹಾಗೇ ಉಳಿಯುತ್ತದೆ, ನಾಡಿ ಸಿಗುವುದಿಲ್ಲ. ನಾಡಿ ಸಿಗಲಿಲ್ಲವೆಂದು ಕಾಯಿಲೆ ಸಕ್ರಿಯವಾಗಿದೆ ಎನ್ನುವಂತಿಲ್ಲ. ಉರಿಯೂತ ಸೂಚಿಸುವ ರಕ್ತಪರೀಕ್ಷೆ ಇಎಸ್‌ಆರ್ ಸರಿಯಿದ್ದೂ ನಾಳದ ಗೋಡೆ ಒಳಗೊಳಗೇ ಊದಿರಬಹುದು.

ಅದಕ್ಕೇ ಕಾಯಿಲೆ ಎಷ್ಟು ಸಕ್ರಿಯವೆಂದು ಅಳೆಯುವ ಐಟಾಸ್ 2010 ಅಂಕಪಟ್ಟಿ ಕಳೆದ 3 ತಿಂಗಳಲ್ಲಿ ಹೊಸದಾಗಿ ಬಂದ ಅಥವಾ ಹೆಚ್ಚಿದ ಲಕ್ಷಣಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಿಂದಿನ ಭೇಟಿಯಲ್ಲಿ ಏನಿತ್ತೆಂದು ಕಡತದಲ್ಲಿ ಇಲ್ಲದಿದ್ದರೆ 'ಹೊಸದು' ಎಂದು ಬರೆಯಬೇಡಿ, 'ತಿಳಿಯದು' ಎಂದು ಬರೆಯಿರಿ.

ರಕ್ತದೊತ್ತಡ ನಾಲ್ಕೂ ಕೈಕಾಲುಗಳದ್ದು ಬೇಕು. ಎರಡು ತೋಳುಗಳ ನಡುವೆ ಸಿಸ್ಟೋಲಿಕ್ ಒತ್ತಡದಲ್ಲಿ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದು ಸುಳಿವು. ಆದರೆ ತೋಳುಗಳಿಗೆ ರಕ್ತ ಒಯ್ಯುವ ಎರಡೂ ಸಬ್‌ಕ್ಲೇವಿಯನ್ ಧಮನಿಗಳು ಕಿರಿದಾಗಿದ್ದರೆ ಎರಡೂ ತೋಳುಗಳಲ್ಲಿ ಒತ್ತಡ ಒಂದೇ ಸಮ, ಕಡಿಮೆಯಾಗಿಯೇ ಸಿಗುತ್ತದೆ. ಮೂತ್ರಪಿಂಡದ ಧಮನಿ ಕಟ್ಟಿ ಏರಿದ ಒತ್ತಡ ಹೀಗೆ ಕಣ್ಣಿಗೆ ಬೀಳದೇ ಹೋಗುತ್ತದೆ. ಆಗ ಕಾಲಿನ ಅಳತೆಯೇ ಆಸರೆ. ಇಳಿಯುವ ಮಹಾಪಧಮನಿಯೂ ಕಿರಿದಾಗಿದ್ದರೆ ಅದನ್ನೂ ನಂಬುವಂತಿಲ್ಲ, ಕ್ಯಾತಿಟರ್‌ನಲ್ಲಿ (ರಕ್ತನಾಳದೊಳಗೆ ತೂರಿಸಿದ ತೆಳು ನಳಿಕೆಯಲ್ಲಿ) ಅಳೆದದ್ದು ಇದೆಯೇ ಹುಡುಕಿ.

ಆಂಜಿಯೋಗ್ರಾಂ ನೋಡಿ 1ರಿಂದ 5ರವರೆಗಿನ ಟೈಪ್ ಒಂದನ್ನೇ ಬರೆದು ಕೈತೊಳೆದುಕೊಳ್ಳಬೇಡಿ. ಅದು ಕಾಯಿಲೆ ಎಲ್ಲೆಲ್ಲಿದೆ ಎನ್ನುತ್ತದೆ, ಎಷ್ಟು ತೀವ್ರ ಎನ್ನುವುದಿಲ್ಲ. ಪ್ರತಿ ಧಮನಿಗೂ ಕಿರಿದಾಗಿದೆಯೇ, ಮುಚ್ಚಿದೆಯೇ, ಉಬ್ಬಿದೆಯೇ ಎಂದು ಗುರುತು ಹಾಕಿ. ಒಮ್ಮೆ ಸಿಟಿ, ಇನ್ನೊಮ್ಮೆ ಎಂಆರ್ ಮಾಡಿಸಿದ್ದರೆ, ಎರಡರ ವ್ಯತ್ಯಾಸವನ್ನೇ ಕಾಯಿಲೆಯ ಬದಲಾವಣೆ ಎಂದು ಓದುವ ಅಪಾಯವಿದೆ.

ಪ್ರತಿ ಪರೀಕ್ಷೆಯ ದಿನ ಸ್ಟೀರಾಯ್ಡ್ ಪ್ರಮಾಣ ಎಷ್ಟಿತ್ತೆಂದು ಪಕ್ಕದಲ್ಲೇ ಇರಲಿ. ಸ್ಟೀರಾಯ್ಡ್ ಪೆಟ್ ಸ್ಕ್ಯಾನಿನಲ್ಲಿ ಉರಿಯೂತ ತೋರಿಸುವ ಹೊಳಪನ್ನು ತಗ್ಗಿಸುತ್ತದೆ. ಟೋಸಿಲಿಜುಮ್ಯಾಬ್ ಎಂಬ ಔಷಧ, ಸಿಆರ್‌ಪಿ (ರಕ್ತದಲ್ಲಿ ಉರಿಯೂತ ಸೂಚಿಸುವ ಪ್ರೋಟೀನ್) ಏರಿಸುವ ಇಂಟರ್‌ಲ್ಯೂಕಿನ್-6ರ ದಾರಿಯನ್ನೇ ತಡೆಯುವುದರಿಂದ, ನಾಳದಲ್ಲಿ ಉರಿಯೂತವಿದ್ದರೂ ಸಿಆರ್‌ಪಿ ತೀರಾ ಕೆಳಗಿರಬಹುದು. ಅಂಥವರನ್ನು ಬೇರೆಯಾಗಿಯೇ ವಿಶ್ಲೇಷಿಸಿ.

ಆಯ್ಕೆಗೆ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳ (ಎಸಿಆರ್/ಯೂಲಾರ್) 2022ರ ಮಾನದಂಡ ಬಳಸಿ: ರೋಗನಿರ್ಣಯದ ವೇಳೆ ವಯಸ್ಸು 60 ಅಥವಾ ಒಳಗೆ, ಇಮೇಜಿಂಗ್‌ನಲ್ಲಿ ಪುರಾವೆ, ಕನಿಷ್ಠ 5 ಅಂಕ. ಅದು ವರ್ಗೀಕರಣಕ್ಕೆ ಮಾತ್ರ, ರೋಗನಿರ್ಣಯಕ್ಕಲ್ಲ. ಇದನ್ನೇ ಹೋಲುವ ಕ್ಷಯ, ಸಿಫಿಲಿಸ್, ಫೈಬ್ರೊಮಸ್ಕುಲರ್ ಡಿಸ್‌ಪ್ಲೇಸಿಯಾ (ಉರಿಯೂತವಿಲ್ಲದೆ ಧಮನಿ ಕಿರಿದಾಗುವ ಕಾಯಿಲೆ) ಇಲ್ಲವೆಂದು ಮೊದಲೇ ಖಚಿತವಾಗಿರಬೇಕು.

ಮೊದಲ ಲಕ್ಷಣ, ರೋಗನಿರ್ಣಯ, ಚಿಕಿತ್ಸೆಯ ಆರಂಭ, ಈ ಮೂರೂ ತಾರೀಕು ಬೇಕೇ ಬೇಕು. 40ರಲ್ಲಿ 12 ಮಂದಿಗೆ ಮರುಕಳಿಸಿತೆಂದುಕೊಳ್ಳಿ, ಹತ್ತು ಅಂಶಗಳನ್ನು ಒಂದೇ ಸಂಖ್ಯಾಶಾಸ್ತ್ರೀಯ ಮಾಡೆಲ್‌ಗೆ ತುರುಕಿದರೆ ಬರುವ ಉತ್ತರಕ್ಕೆ ಅರ್ಥವಿರುವುದಿಲ್ಲ. ಒಂದನ್ನು, ಹೆಚ್ಚೆಂದರೆ ಎರಡನ್ನು ಮೊದಲೇ ಆರಿಸಿಕೊಳ್ಳಿ.