ಸಂಪಾದಕರ ಉತ್ತರ: ಯೇಟ್ಸ್‌ನ ಕಪ್ಪು ಬಟ್ಟೆ

ಪ್ರಿಯ ಓದುಗರೇ,

ಐರಿಶ್ ನಾಟಕವೆಂದರೆ ಬರೀ ರೈತನ ಅಡುಗೆಮನೆಯಲ್ಲಿ ನಡೆಯುವ ನಾಟಕವೇ, ಐರಿಶ್ ಕವಿ ಯೇಟ್ಸ್‌ನ ‘ಅಟ್ ದ ಹಾಕ್ಸ್ ವೆಲ್’ (ಗಿಡುಗನ ಬಾವಿಯ ಬಳಿ) ನಾಟಕದಲ್ಲಿ ಹಿಡಿಯುವ ಬಟ್ಟೆ ನಮ್ಮ ಯಕ್ಷಗಾನದ ತೆರೆಯಂಥದ್ದೇ, ಕಾಲೇಜು ತಂಡ ಅದನ್ನು ಆಡಬಹುದೇ ಎಂದು ಕೇಳಿದ್ದೀರಿ.

ತೆರೆಯಂಥದ್ದಲ್ಲ. ತೆರೆಯ ಹಿಂದೆ ವೇಷ ಕುಣಿಯುತ್ತದೆ, ಕಿರೀಟ, ಮುಖ ಎಂದು ಅಷ್ಟಷ್ಟೇ ತೋರಿಸಿ ಕೆಣಕುತ್ತದೆ. ಯೇಟ್ಸ್‌ನ ಬಟ್ಟೆ ಮುಚ್ಚುವುದಕ್ಕೆ ಮಾತ್ರ. ಆತನಿಗೆ ಮಾದರಿ ಜಪಾನಿನ ಹಳೆಯ ಮುಖವಾಡದ ನಾಟಕ ನೋ. ಅದೂ ಅಮೆರಿಕದ ಕವಿ ಎಜ್ರಾ ಪೌಂಡ್ ಸಿದ್ಧಪಡಿಸಿದ ಅನುವಾದಗಳ ಮೂಲಕ. ವಾದ್ಯದವರು ಮೂವರು. ಒಬ್ಬ ಮುಂದೆ ನಿಂತು ಬಟ್ಟೆಯ ನಡುಭಾಗ ಹಿಡಿಯುತ್ತಾನೆ, ಇನ್ನಿಬ್ಬರು ಹಾಡುತ್ತ ತುದಿಗಳನ್ನು ಹಿಂದಕ್ಕೆ ಎಳೆಯುತ್ತಾರೆ. ಗೋಡೆಯೂ ಬಟ್ಟೆಯೂ ಸೇರಿ ತ್ರಿಕೋನ. ಮಡಚಿದಾಗ ಕರಿ ನಿಲುವಂಗಿಯಲ್ಲಿ ಮುದುರಿ ಕೂತ ಬಾವಿಯ ಕಾವಲುಗಾತಿ, ಪಕ್ಕದಲ್ಲಿ ಬಾವಿಯೆಂದು ಹಾಸಿದ ಚೌಕ ನೀಲಿ ಬಟ್ಟೆ. ನಡುವಿನವನು ಗೋಡೆಯಿಂದ 4 ಅಡಿ ಮುಂದೆ, ತುದಿಗಳು ಎರಡು ಬದಿಗೆ 5 ಅಡಿ ಎಂದರೆ ಸುಮಾರು 13 ಅಡಿ ಬಟ್ಟೆ ಬೇಕು. ಕಡಿಮೆಯಾದರೆ ಬದಿಯಲ್ಲಿ ಕೂತವರಿಗೆ ಒಳಗಿನದೆಲ್ಲ ಕಾಣುತ್ತದೆ. ಹಾಡು ಬೇಗ ಮುಗಿದರೂ ಕೆಟ್ಟಿತು. ಕಾವಲುಗಾತಿ ಕೂರುವ ಮೊದಲೇ ಬಟ್ಟೆ ಮಡಚಬೇಕಾಗುತ್ತದೆ.

ಸ್ಪಾಟ್‌ಲೈಟ್ ಬೇಡ. 1916ರಲ್ಲಿ ಲಂಡನ್ನಿನ ದಿವಾನಖಾನೆಯಲ್ಲಿ ಆಡಿದಾಗ ಕಂಬಗಳ ಮೇಲಿಟ್ಟ ಎರಡು ಲಾಂದ್ರಗಳ ಬೆಳಕು ಸಾಲಲಿಲ್ಲ, ಮನೆಯ ದೊಡ್ಡ ತೂಗುದೀಪವೇ ಮೇಲು ಎಂದು ಯೇಟ್ಸ್ ಬರೆದಿದ್ದಾನೆ. ಪ್ರೇಕ್ಷಕರ ಮೇಲೂ ತಮ್ಮ ಮೇಲೂ ಒಂದೇ ಬೆಳಕು ಬಿದ್ದಾಗ ಮುಖವಾಡ ತೊಟ್ಟ ನಟರು ಇನ್ನಷ್ಟು ವಿಚಿತ್ರವಾಗಿ ಕಾಣುತ್ತಾರೆ.

ಹಾಗಾದರೆ ಅಡುಗೆಮನೆಯಿಂದಾಚೆಯ ಈ ದಾರಿ ಮಂಕಾದದ್ದೇಕೆ? ಕುಣಿಯಬಲ್ಲ ಮೈಗಳಿರಲಿಲ್ಲ ಎನ್ನುವುದೇ ನನ್ನ ಅಭಿಪ್ರಾಯ. 1916ರಲ್ಲಿ ಗಿಡುಗನಂತೆ ಕುಣಿಯುವ ಕಾವಲುಗಾತಿಯಾದದ್ದು ಜಪಾನಿನ ನರ್ತಕ ಮಿಚಿಯೊ ಇಟೊ. ಡಬ್ಲಿನ್‌ನ ಆ್ಯಬಿ ಥಿಯೇಟರಿನ ನಟರು ಪಳಗಿದ್ದು ಮಾತಿನಲ್ಲಿ. 1927ರಲ್ಲಿ ನರ್ತಕಿ ನಿನೆಟ್ ದ ವಾಲ್ವಾ ಅಲ್ಲಿ ಬ್ಯಾಲೆ ಶಾಲೆ ತೆರೆದ ಮೇಲೆ 1929ರಲ್ಲಿ ಯೇಟ್ಸ್‌ನ ನೃತ್ಯನಾಟಕ ‘ಫೈಟಿಂಗ್ ದ ವೇವ್ಸ್’ ಸಾಧ್ಯವಾಯಿತು. 1933ರಲ್ಲಿ ಶಾಲೆ ಮುಚ್ಚಿತು. ಆಮೇಲೆ ಪದ್ಯನಾಟಕವನ್ನು ಹಿಡಿದುಕೊಂಡದ್ದು 1944ರಿಂದ ಕವಿ ಆಸ್ಟಿನ್ ಕ್ಲಾರ್ಕ್ ತಂಡ, 1951ರಿಂದ ಬೆಲ್‌ಫಾಸ್ಟಿನ ಲಿರಿಕ್ ನಾಟಕ ತಂಡ.

(ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಿರೆಂದ ಐರಿಶ್ ಕವಿ ಜೇಮ್ಸ್ ಕಸಿನ್ಸ್ ಕೂಡ ಈ ನಾಟಕ ಬಳಗದವರೇ. 1902ರಲ್ಲಿ ಡಬ್ಲಿನ್‌ನಲ್ಲಿ ಅವರ ಎರಡು ನಾಟಕ ಆಡಿದರು: ಒಂದು ಪುರಾಣದ್ದು, ಇನ್ನೊಂದು ಬೆಸ್ತರದ್ದು.)

ನಿಮ್ಮ ತಂಡ ಖಂಡಿತ ಆಡಬಹುದು. ಮುಖವಾಡಕ್ಕೆ ದುಡ್ಡು ಹಾಕುವ ಮುಂಚೆ ನರ್ತಕಿಯನ್ನು ಗೊತ್ತುಮಾಡಿಕೊಳ್ಳಿ: ಬಾವಿಯಲ್ಲಿ ನೀರುಕ್ಕುವ ಹೊತ್ತಿಗೆ ನಾಯಕ, ಐರಿಶ್ ಪುರಾಣದ ವೀರ ಕುಹೂಲಿನ್‌ನನ್ನು ಆಚೆಗೆ ಸೆಳೆಯುವುದು ಮಾತಲ್ಲ, ಕುಣಿತ.